ಡಾಗರು ಎಲ್ಲಿ ಹೋದರು?

ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, ಪಿಯುಸಿ ಗೈಡುಗಳ ರಾಶಿಯ ಅಡಿಯಿಂದ ಎಳೆದು ತೆಗೆದ ಪುಸ್ತಕ ಇದು. ರಟ್ಟಿನ ಮೂಲೆಗಳು ಸವೆದು ಮೆತ್ತಗಾಗಿದ್ದವು. ಒಳಪುಟದಲ್ಲಿ ಯಾವುದೋ ಮಗು ಪೆನ್ಸಿಲ್ಲಿನಲ್ಲಿ ತನ್ನ ಹೆಸರು ಬರೆದಿತ್ತು, ಇನ್ಯಾರೋ ಅದನ್ನು ಅಳಿಸಲು ನೋಡಿ ಅರ್ಧಕ್ಕೇ ಬಿಟ್ಟಿದ್ದರು. ಅಂಗಡಿಯವನು 40 ರೂಪಾಯಿ ಎಂದ. ಚೌಕಾಸಿ ಮಾಡದೆ ಕೊಟ್ಟು ತಂದೆ. ಶರ್ಲಿ ಹ್ಯೂಸ್ ಬರೆದು ಚಿತ್ರಿಸಿದ ‘ಡಾಗರ್’. 1977ರಲ್ಲಿ ಇಂಗ್ಲೆಂಡಿನಲ್ಲಿ ಬೋಡ್ಲಿ ಹೆಡ್ ಪ್ರಕಾಶನದಿಂದ ಬಂದದ್ದು. ಮಕ್ಕಳ ಪುಸ್ತಕಗಳ ಚಿತ್ರಗಳಿಗೆಂದೇ ಅಲ್ಲಿ ಆಗ ಕೊಡುತ್ತಿದ್ದ ಕೇಟ್ ಗ್ರೀನ್‌ಅವೇ ಪದಕ ಆ ವರ್ಷ ಇದಕ್ಕೇ ಬಂತು. 2007ರಲ್ಲಿ, ಅದುವರೆಗೆ ಪದಕ ಪಡೆದ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಮೆಚ್ಚಿನದು ಯಾವುದೆಂದು ಜನರನ್ನು ಕೇಳಿದಾಗಲೂ ಗೆದ್ದದ್ದು ಇದೇ. ಇವೆಲ್ಲ ನನಗೆ ಆಮೇಲೆ ತಿಳಿದ ಸಂಗತಿಗಳು. ಮೊದಲು ತಿಳಿದದ್ದು ಇದನ್ನು ಒಂದು ಸಲ ಓದಿ ಮುಚ್ಚಿಡಲು ಆಗುವುದಿಲ್ಲ ಎನ್ನುವುದು. ಆಗ ನಾಲ್ಕು ವರ್ಷದವನಾಗಿದ್ದ ನನ್ನ ತಂಗಿಯ ಮಗ ಬೇರೆ ಯಾವ ಪುಸ್ತಕವನ್ನೂ ಮುಟ್ಟಗೊಡದೆ ಹನ್ನೊಂದು ರಾತ್ರಿ ಇದನ್ನೇ ಓದಿಸಿದ.

ಓದಿಸಿದ ಎಂದರೆ, ನಾನು ಇಂಗ್ಲಿಷ್ ಸಾಲುಗಳ ಮೇಲೆ ಕಣ್ಣಿಟ್ಟು ಬಾಯಲ್ಲಿ ಕನ್ನಡ ಹೇಳುತ್ತಾ ಹೋದೆ. ಮೊದಲ ತೊಡಕು ಹೆಸರಿನಲ್ಲೇ ಬಂತು. ‘ಡಾಗರ್’ ಅಂದರೆ ಒಂದು ಕಂದು ಬಣ್ಣದ ಮೆತ್ತನೆಯ ನಾಯಿಗೊಂಬೆ. ‘ನಾಯಿಮರಿ’ ಎಂದರೆ ಅದು ಊರಿನ ಎಲ್ಲ ನಾಯಿಮರಿಗಳ ಹೆಸರಾಗುತ್ತದೆ, ಈ ಒಂದರದ್ದಾಗುವುದಿಲ್ಲ. ಹೆಸರನ್ನು ಹಾಗೆಯೇ ಉಳಿಸಿ ‘ಡಾಗರ್’ ಎಂದೇ ಹೇಳಿದೆ. ಮೂರನೇ ರಾತ್ರಿಯ ಹೊತ್ತಿಗೆ ಹುಡುಗ ಅದನ್ನು ತನ್ನದು ಮಾಡಿಕೊಂಡಿದ್ದ. ನಾನು ಪುಟ ತಿರುಗಿಸುವ ಮೊದಲೇ ಕೇಳಿದ, “ದೊಡ್ಡಮ್ಮಾ, ಡಾಗರು ಎಲ್ಲಿ ಹೋದ್ರು?” ತಾತನವರು, ಮೇಷ್ಟರು, ಡಾಕ್ಟರು ಇದ್ದ ಹಾಗೆ ಡಾಗರು. ಕನ್ನಡದ ಕಿವಿಗೆ ಆ ಕೊನೆಯ ‘ರು’ ಗೌರವದ ಬಹುವಚನವಾಗಿ ಕೇಳಿಸಿತು, ಅವನು ಗೌರವ ಕೊಟ್ಟ. ಈ ಪುಸ್ತಕಕ್ಕೆ ಅದಕ್ಕಿಂತ ಸರಿಯಾದ ಅನುವಾದವನ್ನು ನಾನಂತೂ ಮಾಡಲಾರೆ. ಮಗುವೊಂದು ತನ್ನ ಗೊಂಬೆಯ ಮೇಲೆ ಇಟ್ಟ ಪ್ರೀತಿಗೆ ದೊಡ್ಡವರು ಬಹುವಚನದಲ್ಲಿ ಮಾತಾಡಿದರೆ ಹೇಗಿರುತ್ತದೋ ಹಾಗಿದೆ ಶರ್ಲಿ ಹ್ಯೂಸ್‌ರ ಧಾಟಿ.

ಕಥೆ ಚಿಕ್ಕದು. ಡೇವ್ ಎಂಬ ಪುಟ್ಟ ಹುಡುಗ, ಅವನ ಅಕ್ಕ ಬೆಲ್ಲಾ, ಇನ್ನೂ ಹಲ್ಲು ಬರುತ್ತಿರುವ ತಮ್ಮ ಜೋ. ಬೆಲ್ಲಾಳನ್ನು ಶಾಲೆಯಿಂದ ಕರೆತರಲು ಅಮ್ಮನ ಜೊತೆ ಹೋದ ದಿನ ಡೇವ್ ಡಾಗರನ್ನು ಕಳೆದುಕೊಳ್ಳುತ್ತಾನೆ. ಮನೆಯವರೆಲ್ಲ ಹುಡುಕುತ್ತಾರೆ, ಸಿಗುವುದಿಲ್ಲ. ಮಾರನೆಯ ದಿನ ಶಾಲೆಯ ಬೇಸಿಗೆ ಮೇಳ. ಅಲ್ಲಿ ಹಳೆ ಆಟಿಕೆ ಮಾರುವ ಸ್ಟಾಲಿನಲ್ಲಿ, ಬೇರೆ ಗೊಂಬೆಗಳ ನಡುವೆ, 5 ಪೆನ್ಸ್ ಎಂಬ ಚೀಟಿ ಅಂಟಿಸಿಕೊಂಡು ಡಾಗರ್ ಕುಳಿತಿದೆ. ಡೇವ್‌ನ ಜೇಬಿನಲ್ಲಿ ಅಷ್ಟು ಹಣವಿಲ್ಲ. ಅಪ್ಪ ಅಮ್ಮನನ್ನು ಹುಡುಕಿಕೊಂಡು ಓಡುತ್ತಾನೆ, ಜನಜಂಗುಳಿಯಲ್ಲಿ ಅವರು ಕಾಣುವುದಿಲ್ಲ. ಕೊನೆಗೆ ಸಿಕ್ಕ ಬೆಲ್ಲಾಳನ್ನು ಎಳೆದುಕೊಂಡು ಬರುವಷ್ಟರಲ್ಲಿ ಒಬ್ಬ ಪುಟ್ಟ ಹುಡುಗಿ ಡಾಗರನ್ನು ಕೊಂಡುಬಿಟ್ಟಿದ್ದಾಳೆ. ಬೆಲ್ಲಾ ಅದೇ ಮೇಳದ ರಾಫಲ್‌ನಲ್ಲಿ ತಾನು ಗೆದ್ದಿದ್ದ, ಕತ್ತಿಗೆ ನೀಲಿ ರೇಷ್ಮೆಯ ಬೋ ಕಟ್ಟಿದ ಭಾರಿ ಟೆಡ್ಡಿಯನ್ನು ಆ ಹುಡುಗಿಗೆ ಕೊಟ್ಟು ಡಾಗರನ್ನು ಬಿಡಿಸಿಕೊಳ್ಳುತ್ತಾಳೆ. ಅಷ್ಟೇ.

ಮೊದಲ ಪುಟದಲ್ಲೇ ಹ್ಯೂಸ್ ಡಾಗರನ್ನು ಪರಿಚಯಿಸುವ ರೀತಿ ನೋಡಬೇಕು. ಒಂದು ಕಿವಿ ಮೇಲಕ್ಕೆ, ಇನ್ನೊಂದು ಜೋತುಬಿದ್ದಿದೆ. ಅಲ್ಲಲ್ಲಿ ತುಪ್ಪಳ ಸವೆದಿದೆ. ಚೆಂದವೆಂದು ಹೇಳಬಹುದಾದದ್ದು ಅದರಲ್ಲಿ ಒಂದೂ ಇಲ್ಲ, ಚೆಂದವೆಂದು ಲೇಖಕಿ ಹೇಳಲೂ ಹೋಗುವುದಿಲ್ಲ. ಇಂಥ ಗೊಂಬೆ ನಿಜವಾಗಿಯೂ ಇತ್ತು. ಅದು ಹ್ಯೂಸ್ ಅವರ ಹಿರಿಯ ಮಗನದು. ಆ ಮಗ ಮುಂದೆ ಹೆಸರಾಂತ ಪತ್ರಕರ್ತರಾದ ಎಡ್ ವಲ್ಲಿಯಾಮಿ. ಅವರು ಮಗುವಾಗಿದ್ದಾಗ ಕೆನ್ನೆಗೆ ಒತ್ತಿ ಒತ್ತಿ ಹಿಡಿದದ್ದಕ್ಕೇ ಎರಡು ಕಿವಿಗಳು ಎರಡು ರೀತಿಯಾದವು. ಅಂದರೆ ಡಾಗರಿನ ಆ ರೂಪ ಅಂಗಡಿಯಿಂದ ಬಂದದ್ದಲ್ಲ, ಒಂದು ಕೆನ್ನೆ ವರ್ಷಗಟ್ಟಲೆ ಮಾಡಿದ ಕೆಲಸ. ಹ್ಯೂಸ್ ಅದನ್ನು ಗೆರೆ ತಪ್ಪದೆ ಬರೆದರು. ಪಾರ್ಕುಗಳಲ್ಲಿ, ಆಟದ ಬಯಲುಗಳಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕೂತು ಮಕ್ಕಳನ್ನು ನೋಡಿ ನೋಡಿ ಕೈ ಪಳಗಿಸಿಕೊಂಡ ಕಲಾವಿದೆ ಅವರು. 1927ರಲ್ಲಿ ಲಿವರ್‌ಪೂಲ್ ಬಳಿಯ ವೆಸ್ಟ್ ಕರ್ಬಿಯಲ್ಲಿ ಹುಟ್ಟಿ, ಲಿವರ್‌ಪೂಲ್‌ನಲ್ಲೂ ಆಕ್ಸ್‌ಫರ್ಡ್‌ನ ರಸ್ಕಿನ್ ಶಾಲೆಯಲ್ಲೂ ಚಿತ್ರಕಲೆ ಕಲಿತು, 2022ರಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಬಿಡಿಸಿದ್ದು ಹೆಚ್ಚುಕಡಿಮೆ ಇದನ್ನೇ. ಕೆಳಗೆ ಜಾರಿದ ಕಾಲುಚೀಲ, ಉಣ್ಣೆಯ ಅಂಗಿಯೊಳಗೆ ದುಂಡಗೆ ಉಬ್ಬಿದ ಹೊಟ್ಟೆ, ನೆಲದ ತುಂಬ ಚೆಲ್ಲಿದ ಸಾಮಾನು. ಅವರ ಚಿತ್ರದ ಮನೆಯನ್ನು ಯಾರೂ ಅತಿಥಿಗಳಿಗೆಂದು ಒಪ್ಪ ಮಾಡಿರುವುದಿಲ್ಲ.

ಮೆತ್ತನೆಯ ಗೊಂಬೆಗಳ ಬಗ್ಗೆ ಪಶ್ಚಿಮದಲ್ಲಿ ಬಂದ ಚಿತ್ರಪುಸ್ತಕಗಳು ಒಂದೆರಡಲ್ಲ. ಮಾರ್ಜರಿ ವಿಲಿಯಮ್ಸ್ 1922ರಲ್ಲಿ ಬರೆದ ‘ದ ವೆಲ್ವೆಟೀನ್ ರ‍್ಯಾಬಿಟ್’ನಲ್ಲಿ ಬಟ್ಟೆಯ ಮೊಲ ಯೋಚಿಸುತ್ತದೆ, ನೋಯುತ್ತದೆ, ಕೊನೆಗೆ ಒಬ್ಬ ದೇವತೆಯ ಕೃಪೆಯಿಂದ ನಿಜವಾದ ಮೊಲವಾಗುತ್ತದೆ. ಡಾನ್ ಫ್ರೀಮನ್ನರ 1968ರ ‘ಕಾರ್ಡುರಾಯ್’ ಅಮೆರಿಕದ್ದು. ಅದರಲ್ಲಿ ಗುಂಡಿ ಕಿತ್ತುಹೋದ ಕರಡಿಮರಿ ರಾತ್ರಿ ಹೊತ್ತು ಎದ್ದು ಇಡೀ ಡಿಪಾರ್ಟ್‌ಮೆಂಟ್ ಸ್ಟೋರ್ ಸುತ್ತಾಡುತ್ತದೆ. ಎರಡೂ ಒಳ್ಳೆಯ ಪುಸ್ತಕಗಳೇ. ಆದರೆ ಎರಡೂ ಗೊಂಬೆಗೆ ಜೀವ ಕೊಟ್ಟು ನಮ್ಮ ಕನಿಕರವನ್ನು ಸುಲಭ ಮಾಡಿಬಿಡುತ್ತವೆ. ಡಾಗರ್ ಒಂದು ಸಲವೂ ಅಲುಗುವುದಿಲ್ಲ, ಉಸಿರೆತ್ತುವುದಿಲ್ಲ, ನಮ್ಮತ್ತ ಅರ್ಥಗರ್ಭಿತವಾಗಿ ನೋಡುವುದಿಲ್ಲ. ಅದು ಬಟ್ಟೆ, ಅದರೊಳಗೆ ತುಂಬಿದ್ದೇನೋ ಅದು, ಅಷ್ಟೇ. ಇಡೀ ಜೀವ ಇರುವುದು ಅದನ್ನು ನೋಡುವ ಹುಡುಗನಲ್ಲಿ. ಹೀಗೆ ಬರೆಯುವುದು ಕಷ್ಟದ ದಾರಿ. ಏಕೆಂದರೆ ಗೊಂಬೆ ಕಳೆದುಹೋದಾಗ ಓದುವ ದೊಡ್ಡವರಿಗೆ ‘ಇನ್ನೊಂದು ತಂದುಕೊಟ್ಟರಾಯಿತು’ ಅನ್ನಿಸುವ ಅಪಾಯವಿದೆ. ಅನ್ನಿಸದ ಹಾಗೆ ಮಾಡುವುದು ಈ ಪುಸ್ತಕದ ಮೊದಲ ಗೆಲುವು. ಆಮೇಲೆ, 2004ರಲ್ಲಿ, ಮೋ ವಿಲೆಮ್ಸ್ ‘ನಫಲ್ ಬನ್ನಿ’ಯಲ್ಲಿ ಇದೇ ದಾರಿ ಹಿಡಿದರು. ಬ್ರೂಕ್ಲಿನ್ನಿನ ಲಾಂಡ್ರಿಯಲ್ಲಿ ಮೊಲದ ಗೊಂಬೆ ಬಿಟ್ಟುಬಂದ, ಇನ್ನೂ ಮಾತು ಬಾರದ ಮಗು ಅಪ್ಪನಿಗೆ ಅದನ್ನು ತಿಳಿಸಲು ಪಡುವ ಪಾಡು ಅದರ ವಸ್ತು. ಅದು ತುಂಬ ನಗಿಸುತ್ತದೆ. ‘ಡಾಗರ್’ ನಗಿಸಲು ಹೊರಟ ಪುಸ್ತಕವಲ್ಲ.

ಕಥೆಯ ಆರಂಭದಲ್ಲಿ ಒಂದು ಸಣ್ಣ ಪ್ರಸಂಗ ಬರುತ್ತದೆ. ಡಾಗರ್ ತೀರಾ ಕೊಳೆಯಾಯಿತೆಂದು ಅಮ್ಮ ತೊಳೆದು ತಂತಿಯ ಮೇಲೆ ಒಣಹಾಕುತ್ತಾಳೆ. ಕಥೆಯ ಓಟಕ್ಕೆ ಇದು ಬೇಕಿಲ್ಲ, ತೆಗೆದರೂ ಕಥೆ ನಿಲ್ಲುವುದಿಲ್ಲ. ನಾನು ಮಾತ್ರ ಆ ಪುಟ ದಾಟಲಾಗದೆ ನಿಂತುಬಿಟ್ಟೆ.

ಕಾರಣ ನಮ್ಮ ಮನೆಯಲ್ಲೇ ಇತ್ತು. ತಂಗಿಯ ಮಗನಿಗೆ ಡಾಗರ್ ಇರಲಿಲ್ಲ, ಒಂದು ಸೀರೆ ತುಂಡಿತ್ತು. ನಮ್ಮಮ್ಮನ ಹಳೆಯ ಹತ್ತಿ ಸೀರೆ, ಒಗೆದೊಗೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾದದ್ದು, ಹಸಿರು ಅಂಚು. ಬಾಣಂತನದಲ್ಲಿ ತೊಟ್ಟಿಲಿಗೆ ಹಾಸಲು ಹರಿದದ್ದರಲ್ಲಿ ಒಂದು ತುಂಡು ಅವನ ಕೈಗೆ ಸೇರಿ ಅಲ್ಲೇ ಉಳಿಯಿತು. ಅಂಚನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ತಿಕ್ಕುತ್ತಾ, ತುದಿಯನ್ನು ಮೂಗಿಗೆ ಒತ್ತಿಕೊಂಡು ನಿದ್ದೆಗೆ ಹೋಗುತ್ತಿದ್ದ. ಹಾಲು, ಜೊಲ್ಲು, ಬೇಸಿಗೆಯ ಬೆವರು, ಹರಳೆಣ್ಣೆ ಎಲ್ಲ ಸೇರಿ ಅದಕ್ಕೊಂದು ವಾಸನೆ ಬಂದಿತ್ತು. ಒಂದು ದಿನ ನಾನೇ ಅದನ್ನು ಬಿಸಿನೀರಿನಲ್ಲಿ ನೆನೆಸಿ ಸೋಪು ಹಾಕಿ ತಿಕ್ಕಿ, ಬಿಸಿಲಿಗೆ ಹಾಕಿ, ಮಡಿಸಿ ಅವನ ದಿಂಬಿನ ಮೇಲೆ ಇಟ್ಟೆ. ರಾತ್ರಿ ಅವನು ಮೂಗಿಗೆ ಹಿಡಿದ, ತೆಗೆದ, ಮತ್ತೆ ಹಿಡಿದ. ಆಮೇಲೆ ನನ್ನ ಕೈಗೆ ವಾಪಸು ಕೊಟ್ಟು, “ಇದು ಅದಲ್ಲ” ಅಂದ. ಅಳಲಿಲ್ಲ. ಹಸಿರು ಅಂಚು ತೋರಿಸಿದೆ, ಹರಿದ ಮೂಲೆ ತೋರಿಸಿದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಒಳ್ಳೆಯದೆಂದೇ ಮಾಡಿದ್ದೆ, ಅವನಿಂದ ಒಂದು ದೊಡ್ಡ ವಸ್ತುವನ್ನು ಕಿತ್ತುಕೊಂಡಿದ್ದೆ.

ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1951ರಲ್ಲಿ ಮಂಡಿಸಿ 1953ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದನ್ನೇ ಬಿಡಿಸಿ ಹೇಳಿದ್ದಾರೆ. ಮಗು ಮೊದಲು ತನ್ನದೆಂದು ಹಿಡಿದುಕೊಳ್ಳುವ ಗೊಂಬೆಯೋ ಕಂಬಳಿಯ ತುದಿಯೋ ತಾಯಿಯ ಮೈಗೂ ಹೊರಗಿನ ಲೋಕಕ್ಕೂ ನಡುವಿನ ಜಾಗದಲ್ಲಿರುತ್ತದೆ. ಪೂರ್ತಿ ಮಗುವಿನ ಕಲ್ಪನೆಯೂ ಅಲ್ಲ, ಪೂರ್ತಿ ಹೊರಗಿನ ವಸ್ತುವೂ ಅಲ್ಲ. ಅದು ಕೊಳೆಯಾದರೂ ನಾರಿದರೂ ತಾಯಂದಿರು ಬಿಟ್ಟಿರುತ್ತಾರೆ, ಏಕೆಂದರೆ ತೊಳೆದರೆ ಮಗುವಿನ ಅನುಭವದ ಎಳೆ ತುಂಡಾಗುತ್ತದೆಂದು ಅವರಿಗೆ ಗೊತ್ತು ಎನ್ನುತ್ತಾರೆ ಅವರು. ಹ್ಯೂಸ್ ಈ ಪ್ರಬಂಧವನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಮೂರು ಮಕ್ಕಳನ್ನು ಬೆಳೆಸಿದ ತಾಯಿಗೆ ಪ್ರಬಂಧ ಓದುವ ಅಗತ್ಯವೂ ಇಲ್ಲ. ಆದರೆ ಡಾಗರನ್ನು ಒಗೆಯುವ ಆ ಪುಟವನ್ನು ಅವರು ಏಕೆ ಉಳಿಸಿಕೊಂಡರೆಂದು ನನಗೆ ಗೊತ್ತಿದೆ. ಮುಂದೆ ಬರಲಿರುವ ದೊಡ್ಡ ಅಗಲಿಕೆಗೆ ಅದು ಮೊದಲ ಸಣ್ಣ ಅಗಲಿಕೆ. ಮನೆಯೊಳಗೇ, ಪ್ರೀತಿಯಿಂದಲೇ ಆದದ್ದು.

ಈಗ ಕಳೆದುಹೋಗುವ ಗಳಿಗೆಗೆ ಬರೋಣ, ಕಸುಬಿನ ದೃಷ್ಟಿಯಿಂದ ಪುಸ್ತಕದ ಅತ್ಯಂತ ನಾಜೂಕಾದ ಜಾಗ ಅದು. ಶಾಲೆಯ ಪಕ್ಕದ ಬಯಲಿನಲ್ಲಿ ಮೇಳಕ್ಕಾಗಿ ಡೇರೆ ಹಾಕುತ್ತಿದ್ದಾರೆ. ಕಂಬಿಬೇಲಿಗೆ ಮುಖ ಒತ್ತಿ ನೋಡುತ್ತಿರುವ ಡೇವ್, ಡಾಗರಿಗೂ ಕಾಣಲಿ ಎಂದು ಅದನ್ನೂ ಕಂಬಿಗೆ ಒತ್ತಿ ಹಿಡಿಯುತ್ತಾನೆ. ಅಷ್ಟರಲ್ಲಿ ಬೆಲ್ಲಾ ಹೊರಬರುತ್ತಾಳೆ, ಐಸ್‌ಕ್ರೀಂ ಗಾಡಿ ಬರುತ್ತದೆ, ಪಾಪುವಿಗೂ ಒಂದೊಂದು ನೆಕ್ಕು ಕೊಡಬೇಕು, ಮನೆಗೆ ಹೊರಡಬೇಕು. ‘ಆಗ ಡಾಗರ್ ಅಲ್ಲೇ ಉಳಿಯಿತು’ ಎಂದು ಪುಸ್ತಕ ಎಲ್ಲೂ ಹೇಳುವುದಿಲ್ಲ. ಸಂಜೆ ತಿಂಡಿಯ ಹೊತ್ತಿಗೆ ಹುಡುಗ ಸುಮ್ಮನಿದ್ದಾನೆ. ಸ್ನಾನದ ಹೊತ್ತಿಗೆ ಇನ್ನೂ ಸುಮ್ಮನಾಗಿದ್ದಾನೆ. ಮಲಗುವಾಗ ಬಾಯಿಬಿಟ್ಟು ಡಾಗರ್ ಬೇಕು ಎನ್ನುತ್ತಾನೆ. ಎಷ್ಟು ಹೊತ್ತಿನಿಂದ ಅವನಿಗೆ ಗೊತ್ತಿತ್ತು? ತಿಂಡಿ ತಿನ್ನುವಾಗಲೇ ಗೊತ್ತಿತ್ತೆ? ಗೊತ್ತಿದ್ದೂ, ಹೇಳಿದರೆ ನಿಜವಾಗಿಬಿಡುತ್ತದೆಂದು ಹೆದರಿ ಸುಮ್ಮನಿದ್ದನೆ? ದೊಡ್ಡವರ ಕಾದಂಬರಿಯಲ್ಲಿ ಮೂರು ಪುಟ ಬೇಡುವ ತಳಮಳವನ್ನು ಹ್ಯೂಸ್ ಎರಡು ಹೊತ್ತಿನ ಮೌನದಲ್ಲಿ ಮುಗಿಸಿದ್ದಾರೆ. ಸಂಜೆಯ ಗಡಿಬಿಡಿಯಲ್ಲಿ ಒಂದು ಮಗು ಸುಮ್ಮನಿರುವುದನ್ನು ಯಾರೂ ಗಮನಿಸುವುದಿಲ್ಲ, ಸದ್ಯ ಗಲಾಟೆ ಇಲ್ಲವಲ್ಲ ಎಂದು ಉಸಿರುಬಿಡುತ್ತೇವೆ.

ಆಮೇಲೆ ಹುಡುಕಾಟ. ಅಮ್ಮ ಹುಡುಕುತ್ತಾಳೆ, ಅಪ್ಪ ಟಾರ್ಚ್ ಹಿಡಿದು ಹುಡುಕುತ್ತಾನೆ. ಯಾರೂ “ಒಂದು ಹಳೇ ಗೊಂಬೆಗೆ ಇಷ್ಟೊಂದಾ?” ಎನ್ನುವುದಿಲ್ಲ, “ನಾಳೆ ಹೊಸದು ತರೋಣ” ಎಂದೂ ಇಲ್ಲ, “ನೀನೇ ತಾನೆ ಕಳೆದದ್ದು” ಎಂದೂ ಇಲ್ಲ. ಓದುವಾಗ ನನ್ನ ನಾಲಿಗೆಯ ತುದಿಗೆ ಮೂರೂ ಬಂದಿದ್ದವು. ಬೆಲ್ಲಾ ತನ್ನ ಟೆಡ್ಡಿಗಳಲ್ಲಿ ಒಂದನ್ನು ಎರವಲು ಕೊಡುತ್ತಾಳೆ. ದಿನಾ ಏಳು ಟೆಡ್ಡಿಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಗೋಡೆಗೆ ಅಂಟಿ ನಿದ್ದೆ ಮಾಡುವ ಹುಡುಗಿ ಅವಳು. ಈ ಏಳು ಟೆಡ್ಡಿಗಳ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು, ಕೊನೆಯ ಪುಟದಲ್ಲಿ ಹ್ಯೂಸ್ ಅದನ್ನು ಮತ್ತೆ ತೆಗೆಯುತ್ತಾರೆ.

ಮೇಳದ ಚಿತ್ರಗಳಿಗೆ ಬಂದಾಗ ಪುಟಗಳು ಒಮ್ಮೆಲೇ ಜನರಿಂದ ತುಂಬುತ್ತವೆ. ವೇಷಭೂಷಣ, ಓಟದ ಪಂದ್ಯ, ಸ್ಟಾಲುಗಳು, ಟೋಪಿ ಹಾಕಿದ ಅಜ್ಜಿಯಂದಿರು, ತಳ್ಳುಗಾಡಿಗಳು. ನಮ್ಮ ಹುಡುಗ ಪ್ರತಿ ರಾತ್ರಿ ಇಲ್ಲಿ ಬೆರಳಿಟ್ಟು ಒಬ್ಬೊಬ್ಬರನ್ನೇ ವಿಚಾರಿಸಿಕೊಳ್ಳುತ್ತಿದ್ದ. ಬೆಲ್ಲಾ ಗೆಳತಿಯ ಜೊತೆ ಮೂರು ಕಾಲಿನ ಓಟದಲ್ಲಿ ಗೆಲ್ಲುತ್ತಾಳೆ, ಆಮೇಲೆ ರಾಫಲ್‌ನಲ್ಲಿ ಆ ಭಾರಿ ಟೆಡ್ಡಿಯೂ ಅವಳಿಗೇ ಬರುತ್ತದೆ. ಇಡೀ ಕಥೆಯಲ್ಲಿ ಹೆಣೆದದ್ದು ಎಂದು ಕಣ್ಣಿಗೆ ಬೀಳುವುದು ಈ ಅದೃಷ್ಟ ಒಂದೇ. ಕೊನೆಯ ಅದಲುಬದಲಿಗೆ ಒಂದು ದೊಡ್ಡ ಟೆಡ್ಡಿ ಬೇಕಿತ್ತು, ಲೇಖಕಿ ತಂದುಕೊಟ್ಟರು. ದೋಷವೇ ಅದು. ಆದರೆ ಆ ದೋಷದಿಂದಲೂ ಅವರು ಒಂದು ಸತ್ಯ ಹಿಂಡುತ್ತಾರೆ. ತನಗೆ ಬೇಕಾದ ಒಂದೇ ಒಂದು ಗೊಂಬೆ ಇಲ್ಲದ ಹೊತ್ತಿನಲ್ಲಿ ಏಳು ಟೆಡ್ಡಿ ಇರುವ ಅಕ್ಕನಿಗೆ ಎಂಟನೆಯದು ಬಂದಾಗ ಡೇವ್‌ಗೆ ಆ ಟೆಡ್ಡಿಯ ಮುಖವನ್ನೂ ನೋಡಲಾಗುವುದಿಲ್ಲ. ಅವನು ಒಬ್ಬನೇ ಬೇರೆ ಕಡೆಗೆ ನಡೆದುಹೋಗುತ್ತಾನೆ. ಹೊಟ್ಟೆಕಿಚ್ಚಿನಿಂದ ಹೋದ ಆ ನಡಿಗೆಯೇ ಅವನನ್ನು ಡಾಗರಿನ ಮುಂದೆ ತಂದು ನಿಲ್ಲಿಸುತ್ತದೆ. ಮಗುವಿನ ಹೊಟ್ಟೆಕಿಚ್ಚನ್ನು ಬೈಯದೆ, ತಿದ್ದದೆ, ಅದಕ್ಕೊಂದು ಕೆಲಸ ಕೊಟ್ಟಿದ್ದಾರೆ.

5 ಪೆನ್ಸ್ ಚೀಟಿಯ ಚಿತ್ರದ ಮುಂದೆ ಎಷ್ಟು ಹೊತ್ತು ಕೂತರೂ ಸಾಲದು. ಒಂದೇ ವಸ್ತುವಿಗೆ ಎರಡು ಬೆಲೆ ಇರುತ್ತದೆಂದು ಮಗು ತಿಳಿಯುವ ಮೊದಲ ಸಲ ಅದು. ಸ್ಟಾಲಿನ ಹೆಂಗಸಿಗೆ ಡಾಗರ್ ಸವಕಲು ಆಟಿಕೆಗಳ ಗುಡ್ಡೆಯಲ್ಲಿ ಇನ್ನೊಂದು. ಅವಳೇನೂ ಕೆಟ್ಟವಳಲ್ಲ. ಶಾಲೆಗಾಗಿ ದುಡ್ಡು ಕೂಡಿಸುತ್ತಿದ್ದಾಳೆ, ಬೇಕಾದರೆ ಕೊಂಡುಕೋ ಎನ್ನುತ್ತಾಳೆ. ಡೇವ್‌ಗೆ ತನ್ನದನ್ನೇ ತಾನು ಏಕೆ ಕೊಳ್ಳಬೇಕು? ಹೇಳಿ ತಿಳಿಸುವಷ್ಟು ಮಾತು ಅವನಲ್ಲಿಲ್ಲ, ಕೊಳ್ಳುವಷ್ಟು ಹಣವೂ ಇಲ್ಲ. ಮಕ್ಕಳ ಸಂಕಟಗಳಲ್ಲಿ ಬಹುಪಾಲು ಇಲ್ಲೇ ಇವೆ. ಅವರ ಬಳಿ ಸಾಕ್ಷಿ ಇರುವುದಿಲ್ಲ. ಬೇಲಿಯ ಬಳಿ ಬಿದ್ದದ್ದನ್ನು ಯಾರೋ ಎತ್ತಿ ಮೇಳದ ಸಾಮಾನೆಂದು ಸ್ಟಾಲಿಗೆ ಸೇರಿಸಿರಬೇಕು ಎಂದು ಓದುವ ಮಗುವೇ ಲೆಕ್ಕ ಹಾಕಿಕೊಳ್ಳುತ್ತದೆ. ಈ ಕಥೆಯಲ್ಲಿ ಕಳ್ಳರಿಲ್ಲ. ಕಳ್ಳರಿಲ್ಲದೆಯೂ ನಮ್ಮದು ನಮ್ಮಿಂದ ಹೋಗಬಹುದು ಎಂಬುದನ್ನು ನಾಲ್ಕು ವರ್ಷದವರ ಪುಸ್ತಕದಲ್ಲಿ ಇಷ್ಟು ನೇರವಾಗಿ ಹೇಳಿದವರು ಕಡಿಮೆ.

ಡಾಗರನ್ನು ಕೊಂಡ ಹುಡುಗಿಯ ವಿಷಯದಲ್ಲೂ ಹ್ಯೂಸ್ ಅಷ್ಟೇ ನ್ಯಾಯವಂತರು. ಅವಳು ತನ್ನ ದುಡ್ಡು ಕೊಟ್ಟು ಕೊಂಡಿದ್ದಾಳೆ, ಬಿಟ್ಟುಕೊಡುವುದಿಲ್ಲ. ಕಥೆ ಅವಳ ಕೈಯಿಂದ ಡಾಗರನ್ನು ಕಿತ್ತುಕೊಳ್ಳುವುದಿಲ್ಲ, ಯಾವ ದೊಡ್ಡವರನ್ನೂ ಕರೆಸಿ ಪಂಚಾಯಿತಿ ಮಾಡಿಸುವುದಿಲ್ಲ. ಅವಳಿಗೂ ಡಾಗರ್ ಇಷ್ಟವಾಗಿದೆ, ಅಷ್ಟು ಹಳೆಯ ಗೊಂಬೆಗಳ ನಡುವೆ ಅದನ್ನೇ ಆರಿಸಿಕೊಂಡಿದ್ದಾಳೆ. ಆ ಒಂದು ಕಾರಣಕ್ಕೇ ಅವಳ ಮೇಲೆ ನನಗೆ ಗೌರವ.

ಬೆಲ್ಲಾ ಟೆಡ್ಡಿ ಕೊಡುವ ಪುಟ ನನ್ನ ಮಟ್ಟಿಗೆ ಪುಸ್ತಕದ ಎದೆ, ನನ್ನ ತಕರಾರು ಇರುವುದೂ ಅಲ್ಲೇ. ನಾನು ಅಕ್ಕ. ಎಂಟು ವರ್ಷದವಳಿದ್ದಾಗ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಅಪ್ಪ ಒಂದು ಗೊಂಬೆ ಕೊಡಿಸಿದ್ದರು, ಕಣ್ಣು ಮುಚ್ಚಿ ತೆರೆಯುವ ಗೊಂಬೆ. ಮನೆಗೆ ಬಂದ ಗಳಿಗೆಯಲ್ಲೇ ತಂಗಿ ಅದಕ್ಕೆ ಅತ್ತಳು. ಸುತ್ತ ಕೂತ ದೊಡ್ಡವರೆಲ್ಲ ಒಂದೇ ಮಾತು: “ನೀನು ದೊಡ್ಡೋಳು, ಕೊಟ್ಬಿಡಮ್ಮ.” ಕೊಟ್ಟೆ. “ಜಾಣೆ” ಎಂದು ತಲೆ ಸವರಿದರು. ಗೊಂಬೆ ಹೋದದ್ದು ಹತ್ತು ದಿನದಲ್ಲಿ ಮರೆತೆ, ಆ ‘ಜಾಣೆ’ ಇನ್ನೂ ಮರೆತಿಲ್ಲ. ನಾನು ಕೊಡಲಿಲ್ಲ, ನನ್ನಿಂದ ಕೊಡಿಸಿದರು, ಕೊಡಿಸಿಕೊಂಡದ್ದಕ್ಕೆ ನನ್ನನ್ನೇ ಹೊಗಳಿದರು. ಹಾಗಾಗಿ ಮೊದಲ ಓದಿನಲ್ಲಿ ಬೆಲ್ಲಾ ಟೆಡ್ಡಿ ಚಾಚಿದಾಗ ನನಗೆ ಸಿಟ್ಟು ಬಂತು. ಇಲ್ಲೂ ಬಿಟ್ಟುಕೊಡುವುದು ಹುಡುಗಿಯೇ, ಅಕ್ಕನೇ, ಪಡೆಯುವುದು ತಮ್ಮನೇ ಎಂದುಕೊಂಡೆ. 1977ರ ಪುಸ್ತಕಕ್ಕೆ ಇವತ್ತಿನ ಪ್ರಶ್ನೆ ಹಾಕಬಾರದು ಎನ್ನುವವರಿದ್ದಾರೆ, ನನಗೆ ಆ ವಾದ ಒಪ್ಪಿಗೆಯಿಲ್ಲ. ಇವತ್ತಿನ ಮಗುವಿಗೆ ಓದಿ ಹೇಳುವಾಗ ಇವತ್ತಿನ ಪ್ರಶ್ನೆಯನ್ನೇ ಹಾಕಬೇಕು. ಮನೆಗೆಲಸವೆಲ್ಲ ಅಮ್ಮನದು, ಅಪ್ಪ ಕಾಣಿಸುವುದು ಸಂಜೆ ಟಾರ್ಚ್ ಹಿಡಿದಾಗ ಎಂಬುದನ್ನೂ ಗಮನಿಸಬೇಕು.

ಆದರೆ ಹನ್ನೊಂದು ಸಲ ಓದಿದಾಗ ಮೊದಲ ಸಲ ಕಾಣದ್ದು ಕಾಣುತ್ತದೆ. ಬೆಲ್ಲಾಳಿಗೆ ಯಾರೂ ಕೊಡು ಎಂದು ಹೇಳಿಲ್ಲ. ಅಪ್ಪ ಅಮ್ಮ ಜನಸಂದಣಿಯಲ್ಲಿ ಎಲ್ಲೋ ಇದ್ದಾರೆ, ಅವರಿಗೆ ಈ ವ್ಯಾಪಾರದ ಸುಳಿವೇ ಇಲ್ಲ. ಡೇವ್ ಕೂಡ ಟೆಡ್ಡಿ ಕೊಡೆಂದು ಕೇಳುವುದಿಲ್ಲ, ಅದು ಅವನ ತಲೆಗೂ ಹೊಳೆದಿರಲಾರದು. ಹ್ಯೂಸ್ ಜಾಣತನದಿಂದ ದೊಡ್ಡವರನ್ನೆಲ್ಲ ದೂರ ಸರಿಸಿ, ಆ ಜಾಗದಲ್ಲಿ ಮೂರು ಮಕ್ಕಳನ್ನು ಮಾತ್ರ ನಿಲ್ಲಿಸಿದ್ದಾರೆ. ಬೆಲ್ಲಾ ಮೊದಲು ಮಾತಾಡಿ ನೋಡುತ್ತಾಳೆ, ಆಗುವುದಿಲ್ಲ. ಆಮೇಲೆ ತಾನೇ ಯೋಚಿಸುತ್ತಾಳೆ, ತಾನೇ ನಿರ್ಧರಿಸುತ್ತಾಳೆ. ಕೊಟ್ಟದ್ದಕ್ಕೆ ‘ಜಾಣೆ’ ಎನ್ನುವವರು ಒಬ್ಬರೂ ಅಲ್ಲಿಲ್ಲ. ಹಿಂದಿನ ರಾತ್ರಿ ತಮ್ಮ ನಿದ್ದೆಯಿಲ್ಲದೆ ಹೊರಳಿದ್ದನ್ನು ನೋಡಿದವಳು ಅವಳು. ಡಾಗರ್ 5 ಪೆನ್ಸ್ ಬೆಲೆಯದಲ್ಲ ಎಂಬುದಕ್ಕೆ ಆ ಮೇಳದಲ್ಲಿ ಸಿಕ್ಕಿದ ಒಬ್ಬಳೇ ಸಾಕ್ಷಿ ಬೆಲ್ಲಾ. ಸಾಕ್ಷಿ ಹೇಳಲು ಅವಳ ಕೈಯಲ್ಲಿದ್ದದ್ದು ಆ ಟೆಡ್ಡಿ.

ನಮ್ಮ ಮಕ್ಕಳ ಪುಸ್ತಕಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಕನ್ನಡದಲ್ಲಿ ಚಿತ್ರಪುಸ್ತಕ ಸಿಗುವುದೇ ಕಷ್ಟವಾಗಿದ್ದ ಕಾಲ ಈಗ ಇಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಇವೆಲ್ಲ ಕನ್ನಡದಲ್ಲಿ ಕಡಿಮೆ ಬೆಲೆಗೆ ಒಳ್ಳೆಯ ಚಿತ್ರಗಳ ಪುಸ್ತಕ ತಂದಿವೆ. ಆದರೂ ಅಂಗಡಿಗಳಲ್ಲಿ ಹೆಚ್ಚು ಬಿಕರಿಯಾಗುವುದು ಕೊನೆಯಲ್ಲಿ ‘ನೀತಿ’ ಎಂದು ಅಚ್ಚು ಹಾಕಿದ ಕಥೆಗಳೇ. ನಾವು ಓದಿಹೇಳುವವರೂ ಹಾಗೆಯೇ ಪಳಗಿದ್ದೇವೆ. ಬೆಲ್ಲಾ ಟೆಡ್ಡಿ ಕೊಟ್ಟ ಪುಟದಲ್ಲಿ “ನೋಡು, ಎಷ್ಟು ಒಳ್ಳೇ ಅಕ್ಕ! ನೀನೂ ಹಂಚಿಕೊಂಡು ಆಡಬೇಕು” ಎಂದು ನನ್ನ ಬಾಯಿ ತಾನಾಗಿ ಹೊರಟಿತು. ತಡೆದೆ. ಹೇಳಿದ್ದರೆ ಬೆಲ್ಲಾಳಿಗೆ ನಾನೂ ‘ಜಾಣೆ’ ಎಂದು ತಲೆ ಸವರಿದ ಹಾಗಾಗುತ್ತಿತ್ತು. ಅವಳು ತಾನಾಗಿ ಮಾಡಿದ್ದನ್ನು ನಾನು ಇನ್ನೊಂದು ಮಗುವಿನ ಮೇಲೆ ಹೇರಿದ ಹಾಗೂ ಆಗುತ್ತಿತ್ತು.

ಕೊನೆಯ ಪುಟ ಮಲಗುವ ಹೊತ್ತಿನದು. ಡಾಗರ್ ಡೇವ್‌ನ ಪಕ್ಕದಲ್ಲಿದೆ. ಟೆಡ್ಡಿ ಹೋಯಿತೆಂದು ಬೇಸರವೇ ಎಂದು ಡೇವ್ ಅಕ್ಕನನ್ನು ಕೇಳುತ್ತಾನೆ. ಅವನು ಕೇಳುತ್ತಾನೆ ಎಂಬುದು ಮುಖ್ಯ, ಸಿಕ್ಕಿದ ಸಂತೋಷದಲ್ಲಿ ಅವನು ಅದನ್ನು ಮರೆತಿಲ್ಲ. ಬೆಲ್ಲಾಳ ಉತ್ತರ, ತನಗೆ ಅದೇನೂ ಅಷ್ಟು ಹಿಡಿಸಿರಲಿಲ್ಲ, ತೀರಾ ದೊಡ್ಡದು, ಅದರ ಕಣ್ಣು ದಿಟ್ಟಿಸುತ್ತಿತ್ತು, ಇನ್ನೊಂದು ಬಂದಿದ್ದರೆ ಹಾಸಿಗೆಯಲ್ಲಿ ತನಗೇ ಜಾಗ ಇರುತ್ತಿರಲಿಲ್ಲ. ಏಳು ಟೆಡ್ಡಿಗಳ ಲೆಕ್ಕ ಇಲ್ಲಿ ಚುಕ್ತಾ ಆಗುತ್ತದೆ. ಅವಳು ನಿಜ ಹೇಳುತ್ತಿದ್ದಾಳೋ, ತಮ್ಮನ ಮನಸ್ಸಿನ ಭಾರ ಇಳಿಸಲು ಹೀಗೆ ಹೇಳುತ್ತಿದ್ದಾಳೋ, ಹ್ಯೂಸ್ ಬಿಟ್ಟುಕೊಡುವುದಿಲ್ಲ. ನಾನು ಒಂದೊಂದು ರಾತ್ರಿ ಒಂದೊಂದು ರೀತಿ ನಂಬಿದ್ದೇನೆ. ಎರಡರಲ್ಲಿ ಯಾವುದಾದರೂ ಆ ಹುಡುಗಿ ಬಲಿಪಶುವಾಗಿ ಉಳಿಯುವುದಿಲ್ಲ. ತನ್ನ ಉಡುಗೊರೆಯ ಮೇಲೆ ಕೊನೆಯ ಮಾತು ಅವಳದೇ. ನಾನು ಎಂಟು ವರ್ಷದವಳಿದ್ದಾಗ ನನಗೆ ಸಿಗದಿದ್ದುದು ಆ ಕೊನೆಯ ಮಾತು. ಈ ಪುಟವನ್ನು ಓದುವಾಗ ತಂಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಒಂದು ರಾತ್ರಿ ಒಳಗೆ ಬಂದು ಕೂತಳು. ಜಾತ್ರೆಯ ಗೊಂಬೆ ಅವಳಿಗೂ ನೆನಪಿತ್ತು.

2020ರಲ್ಲಿ, 93ನೇ ವಯಸ್ಸಿನಲ್ಲಿ, ಹ್ಯೂಸ್ ಇದೇ ಮನೆಯವರನ್ನಿಟ್ಟುಕೊಂಡು ಕ್ರಿಸ್‌ಮಸ್ ಕಾಲದ ಇನ್ನೊಂದು ಪುಸ್ತಕ ತಂದರು. ಆ ಕೈ ಅಷ್ಟು ವಯಸ್ಸಿನಲ್ಲೂ ಮಕ್ಕಳ ಮೈಭಾರವನ್ನು ಹಿಡಿಯುತ್ತಿತ್ತೆಂಬುದೇ ಸಂತೋಷ. ಆದರೆ ಡಾಗರ್ ಮತ್ತೆ ಕಳೆದುಹೋಗಬೇಕಾದ ಅಗತ್ಯ ನನಗೆ ಕಾಣಲಿಲ್ಲ. ಮೊದಲ ಪುಸ್ತಕ ಏನನ್ನೂ ಬಾಕಿ ಉಳಿಸಿರಲಿಲ್ಲ.

ಇದು ಕನ್ನಡಕ್ಕೆ ಬರಬೇಕು. ಬಂದರೆ ಮೇಳವನ್ನು ಜಾತ್ರೆ ಮಾಡಬಾರದು, ಡೇವ್‌ನನ್ನು ದೇವು ಮಾಡಬಾರದು, 5 ಪೆನ್ಸನ್ನು ಐದು ರೂಪಾಯಿ ಮಾಡಬಾರದು. ನಮ್ಮ ಮಕ್ಕಳಿಗೆ ಇಂಗ್ಲೆಂಡಿನ ಒಂದು ಊರಿನ ಮಳೆಗಾಲದಂಥ ಬೇಸಿಗೆ ಹಾಗೆಯೇ ಸಿಗಲಿ. ಮೌನದ ಆ ಎರಡು ಹೊತ್ತುಗಳಿಗೆ ಒಂದು ಪದವನ್ನೂ ಸೇರಿಸದ ಅನುವಾದಕರು ಬೇಕು. ಹೆಸರಿನ ವಿಷಯದಲ್ಲಿ ಮಾತ್ರ, ಸಾಧ್ಯವಾದರೆ, ‘ಡಾಗರು’ ಎಂದೇ ಇಡಲಿ.

ನನ್ನ ಪ್ರತಿಯ ಬೆನ್ನು ಈಗ ಬಿಚ್ಚಿಕೊಂಡಿದೆ. ಮೇಳದ ಹಾಳೆ ಪೂರ್ತಿ ಹೊರಬಂದಿದೆ, ಐಸ್‌ಕ್ರೀಂ ಪುಟಕ್ಕೆ ಯಾವಾಗಲೋ ಸಾರು ಚೆಲ್ಲಿದ ಕಲೆ. ಬೈಂಡಿಂಗ್ ಅಂಗಡಿಯವರು ನೋಡಿ, ದಾರ ಹಾಕಿ ಹೊಲಿದು ಹೊಸ ರಟ್ಟು ಕೂಡಿಸಿಕೊಡುತ್ತೇನೆ, ನಾಲ್ಕು ದಿನ ಬಿಟ್ಟಿರಿ ಎಂದರು. ನಾಲ್ಕು ದಿನಕ್ಕೆ ಹುಡುಗ ಒಪ್ಪಲಿಲ್ಲ. ಅವರು ಎರಡು ದಿನಕ್ಕೆ ಇಳಿದಿದ್ದಾರೆ, ಅವನು ಇನ್ನೂ ಯೋಚಿಸುತ್ತಿದ್ದಾನೆ.